ಮೂಲವ್ಯಾಧಿಗೆ ಮನೆಮಟ್ಟದ ಚಿಕಿತ್ಸೆ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ

ಔಷಧದಂಗಡಿ ನಡೆಸುವವರಿಗೆ ಈ ಗಿರಾಕಿಗಳು ದೂರದಿಂದಲೇ ಗೊತ್ತಾಗುತ್ತಾರೆ. ಅಂಗಡಿಯ ಮುಂದಿನ ಜನ ಕರಗುವವರೆಗೆ ಬದಿಯಲ್ಲಿ ನಿಂತಿರುತ್ತಾರೆ. ಆಮೇಲೆ ದನಿ ತಗ್ಗಿಸಿ, "ಪೈಲ್ಸ್‌ಗೆ ಒಂದು ಟ್ಯೂಬ್ ಕೊಡಿ" ಎನ್ನುತ್ತಾರೆ. ಎಷ್ಟು ದಿನದಿಂದ, ರಕ್ತ ಹೋಗುತ್ತಿದೆಯೇ, ನೋವಿದೆಯೇ ಎಂದು ಕೇಳಿದರೆ ಉತ್ತರ ಚುಟುಕು. ದುಡ್ಡು ಕೊಟ್ಟು, ಟ್ಯೂಬನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಟೇ ಬಿಡುತ್ತಾರೆ. ಟ್ಯೂಬ್ ಕೊಡುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಅವರಲ್ಲಿ ಬಹುಪಾಲು ಮಂದಿಗೆ ಮೊದಲು ಬೇಕಾದದ್ದು ಬೇರೆ ಇರುತ್ತದೆ. ಅದನ್ನು ನಾಲ್ಕು ಜನರ ನಡುವೆ ನಿಂತು ವಿವರಿಸಲು ಆಗುವುದಿಲ್ಲ, ಕೇಳಿಸಿಕೊಳ್ಳುವ ತಾಳ್ಮೆ ಅವರಿಗೂ ಆ ಹೊತ್ತಿನಲ್ಲಿ ಇರುವುದಿಲ್ಲ. ಅದಕ್ಕಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇದು ನಿಜವಾಗಿ ಮೂಲವ್ಯಾಧಿಯೇ?

ಮಲದ್ವಾರದ ಯಾವ ತೊಂದರೆಗೂ ನಮ್ಮಲ್ಲಿ ಇರುವುದು ಒಂದೇ ಹೆಸರು, ಪೈಲ್ಸ್. ಔಷಧ ಆರಿಸುವಾಗ ಆಗುವ ಎಡವಟ್ಟು ಶುರುವಾಗುವುದೇ ಇಲ್ಲಿಂದ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ಕೂಡಿದ ಮೂರು ಮೆತ್ತನೆಯ ಉಬ್ಬುಗಳು ಎಲ್ಲರಿಗೂ ಇರುತ್ತವೆ. ಗಾಳಿ, ನೀರು ಸೋರದಂತೆ ತಡೆಯುವುದರಲ್ಲಿ ಅವುಗಳಿಗೂ ಪಾಲಿದೆ. ವರ್ಷಗಟ್ಟಲೆ ತಿಣುಕಿ ತಿಣುಕಿ ಅವು ಊದಿಕೊಂಡು ಕೆಳಕ್ಕೆ ಜಾರಿದಾಗ ಅದು ಒಳಮೂಲವ್ಯಾಧಿ. ಆ ಭಾಗದಲ್ಲಿ ನೋವಿನ ನರಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ರಕ್ತ ಹೋಗುತ್ತದೆ, ನೋವಿರುವುದಿಲ್ಲ. ಮಲವಾದ ಮೇಲೆ ಕೆಂಪು ರಕ್ತ ತೊಟ್ಟಿಕ್ಕುವುದು ಅಥವಾ ಕಮೋಡಿನ ಗೋಡೆಗೆ ಚಿಮ್ಮುವುದು ಇದರ ಲಕ್ಷಣ. ವೈದ್ಯರು ಇದನ್ನು ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ. ಮೊದಲ ಹಂತದಲ್ಲಿ ಗಂಟು ಹೊರಗೆ ಬರುವುದಿಲ್ಲ. ಎರಡನೆಯದರಲ್ಲಿ ಹೊರಬಂದು ತಾನಾಗಿಯೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಒಳಗೆ ನಿಲ್ಲುವುದಿಲ್ಲ. ಮೊದಲೆರಡು ಹಂತಗಳಿಗೆ ಮನೆಯ ಆರೈಕೆ ಚೆನ್ನಾಗಿ ಹಿಡಿಯುತ್ತದೆ.

ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತೆ ನೋವು, ಆಮೇಲೂ ಗಂಟೆಗಟ್ಟಲೆ ಉರಿ ಇದ್ದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಮಲದ್ವಾರದ ಚರ್ಮದ ಸೀಳು. ಪೈಲ್ಸ್ ಟ್ಯೂಬ್ ಕೇಳಿಕೊಂಡು ಬರುವವರಲ್ಲಿ ಇಂಥವರು ಬಹಳ. ಫಿಶರ್‌ಗೆ ಬೇಕಾದದ್ದು ಬಿಗಿದುಕೊಂಡ ಸ್ನಾಯುವನ್ನು ಸಡಿಲಿಸುವ ಮುಲಾಮು. ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಇರುವ ಅದನ್ನು ವೈದ್ಯರೇ ಬರೆದು ಕೊಡಬೇಕು.

ಇನ್ನೊಂದು ಇದೆ. ರಾತ್ರಿ ಸರಿಯಾಗಿದ್ದವರಿಗೆ ಬೆಳಗಾಗುವಷ್ಟರಲ್ಲಿ ಮಲದ್ವಾರದ ಅಂಚಿನಲ್ಲಿ ನೇರಳೆಹಣ್ಣಿನ ಬಣ್ಣದ ಗಟ್ಟಿ ಗಂಟು, ಕೂರಲಾರದ ನೋವು. ಇದು ಹೊರಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು. ನೋವು ಮೊದಲ ಎರಡು ಮೂರು ದಿನ ತೀವ್ರವಾಗಿದ್ದು, ಆಮೇಲೆ ತಾನಾಗಿಯೇ ಇಳಿಯುತ್ತದೆ. ಗಂಟು ಕರಗಲು ವಾರಗಳು ಬೇಕು. ನೋವು ತಡೆಯಲಾಗದಿದ್ದರೆ 72 ಗಂಟೆಯೊಳಗೆ ಶಸ್ತ್ರವೈದ್ಯರ ಬಳಿ ಹೋಗಿ, ಅವರು ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆದುಬಿಡುತ್ತಾರೆ. ಆ ಹೊತ್ತು ಮೀರಿದ ಮೇಲೆ ಕೊಯ್ಯಿಸಿಕೊಳ್ಳುವುದಕ್ಕಿಂತ ಕಾಯುವುದೇ ಮೇಲು. ಅದನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚುವ ಸಾಹಸ ಖಂಡಿತ ಬೇಡ.

ಮನೆಮದ್ದಿನ ಮಾತೇ ಎತ್ತಬಾರದ ಸಂದರ್ಭಗಳು

ಹೋಲಿಕೆ ಶುರುಮಾಡುವ ಮುನ್ನ ಇದನ್ನು ಹೇಳಲೇಬೇಕು. ಕಪ್ಪು ರಕ್ತ, ಮಲದೊಂದಿಗೆ ಬೆರೆತ ರಕ್ತ, ಲೋಳೆಯ ಜೊತೆ ರಕ್ತ ಹೋದರೆ, ಕಾರಣವಿಲ್ಲದೆ ತೂಕ ಇಳಿದರೆ, ಇಷ್ಟು ದಿನ ಇದ್ದ ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಮೊದಲು ಪರೀಕ್ಷೆ, ಆಮೇಲೆ ಔಷಧ. 45 ದಾಟಿದ ಮೇಲೆ ಮೊದಲ ಬಾರಿ ರಕ್ತ ಕಂಡರೂ ಅಷ್ಟೇ. ದೊಡ್ಡಕರುಳಿನ ಮತ್ತು ಗುದದ ಕ್ಯಾನ್ಸರ್ ಕೂಡ ಕೆಂಪು ರಕ್ತದಿಂದಲೇ ತಲೆ ಎತ್ತಬಹುದು. "ನನಗೆ ಪೈಲ್ಸ್ ಇದ್ದದ್ದೇ" ಎಂದು ವರ್ಷಗಟ್ಟಲೆ ಟ್ಯೂಬ್ ಹಚ್ಚುತ್ತಾ ಕೂತವರನ್ನು ಕಂಡರೆ ನನಗೆ ಭಯವಾಗುವುದು ಈ ಕಾರಣಕ್ಕೆ. ಪೈಲ್ಸ್ ಇರುವುದು ನಿಜವಿರಬಹುದು. ಅದರ ಜೊತೆಗೆ ಇನ್ನೊಂದು ಇರಬಾರದು ಎಂದೇನಿಲ್ಲ.

ನೋವಿನ ಜೊತೆ ಜ್ವರ, ಕೀವು, ಬಿಸಿಯಾದ ಬಾವು ಇದ್ದರೆ ಅದು ಕುರು. ಅಂದೇ ಆಸ್ಪತ್ರೆಗೆ ಹೋಗಬೇಕು, ಸಕ್ಕರೆ ಕಾಯಿಲೆಯವರಂತೂ ಒಂದು ರಾತ್ರಿಯೂ ಕಾಯಬಾರದು. ರಕ್ತ ನಿಲ್ಲದೆ ಹರಿದು ತಲೆ ಸುತ್ತಿದರೂ ತುರ್ತಾಗಿ ಹೋಗಬೇಕು. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ರಕ್ತ ಕಂಡ ಕೂಡಲೇ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಮೊದಲ ಆಯ್ಕೆ: ಮಲವನ್ನು ಮೆತ್ತಗಾಗಿಸುವುದು

ಮನೆಯಲ್ಲಿ ಮಾಡಬಹುದಾದ ಎಲ್ಲದರಲ್ಲಿ ಕಾರಣಕ್ಕೇ ಕೈ ಹಾಕುವುದು ಇದೊಂದೇ. ಮಿಕ್ಕಿದ್ದೆಲ್ಲ ಉಪಶಮನ. ನಾರಿನಂಶ ಹೆಚ್ಚಿಸಿದರೆ ಮೂಲವ್ಯಾಧಿಯ ರಕ್ತಸ್ರಾವ ಸುಮಾರು ಅರ್ಧದಷ್ಟು ತಗ್ಗುತ್ತದೆ ಎಂಬುದು ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯಿಂದ ಗೊತ್ತಾಗಿರುವ ವಿಷಯ. ಇಷ್ಟು ಗಟ್ಟಿ ಆಧಾರ ಯಾವ ಟ್ಯೂಬಿಗೂ ಇಲ್ಲ. ಇದಕ್ಕೆ ನಾಲ್ಕು ದಾರಿಗಳಿವೆ.

ಮೊದಲನೆಯದು ಊಟ. ದಿನಕ್ಕೆ 25ರಿಂದ 30 ಗ್ರಾಂ ನಾರು ಗುರಿಯಾಗಿರಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೂರು ಹೊತ್ತೂ ಇಡ್ಲಿ, ಅನ್ನ, ಮತ್ತೆ ಅನ್ನ ಎಂದು ತಿನ್ನುವವರು ಒಂದು ಹೊತ್ತಿಗೆ ಮುದ್ದೆ ಅಥವಾ ಜೋಳದ ರೊಟ್ಟಿಗೆ ಬದಲಾಯಿಸಿಕೊಂಡು, ಜೊತೆಗೆ ಕಾಳುಪಲ್ಯ, ಬಸ್ಸಾರಿನ ಸೊಪ್ಪು, ಸಂಜೆಗೊಂದು ಸೀಬೆಹಣ್ಣು ಸೇರಿಸಿದರೆ ಅರ್ಧ ಕೆಲಸ ಆದಂತೆ. ಆದರೆ ಮುದ್ದೆ ಉಂಡು ನೀರು ಕುಡಿಯದಿದ್ದರೆ ಹೊಟ್ಟೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಊಟದ ದಾರಿ ನಿಧಾನದ್ದು, ಫಲ ಕಾಣಲು ವಾರಗಳು ಬೇಕು. ಉಳಿಯುವುದೂ ಇದೇ.

ಎರಡನೆಯದು ಇಸಬ್ಗೋಲ್ ಹೊಟ್ಟು, ಗುಜರಾತ್ ಮತ್ತು ರಾಜಸ್ಥಾನದಲ್ಲಿ ಬೆಳೆಯುವ ಒಂದು ಗಿಡದ ಬೀಜದ ಸಿಪ್ಪೆ. ಅಂಗಡಿಯಲ್ಲಿ ನನಗೆ ಒಂದನ್ನೇ ಆರಿಸಿ ಕೊಡು ಎಂದರೆ ಇದನ್ನೇ ಕೊಡುತ್ತೇನೆ. ಕೊಡುವಾಗ ಕೆಲವರಿಗೆ ಒಂದು ಸಣ್ಣ ಪ್ರಯೋಗ ಮಾಡಿ ತೋರಿಸುವುದುಂಟು. ಕಾಲು ಲೋಟ ನೀರಿಗೆ ಒಂದು ದೊಡ್ಡ ಚಮಚ ಹೊಟ್ಟು ಹಾಕಿ ಇಡುತ್ತೇನೆ. ಮೊದಲು ಹೊಟ್ಟು ತೇಲುತ್ತದೆ, ಆಮೇಲೆ ಒಂದೊಂದೇ ಚೂರು ಪಾರದರ್ಶಕವಾಗುತ್ತಾ ಕೆಳಗಿಳಿಯುತ್ತದೆ. ಐದು ನಿಮಿಷಕ್ಕೆ ಲೋಟವನ್ನು ಓರೆ ಮಾಡಿದರೆ ನೀರು ಸುರಿಯುವುದಿಲ್ಲ, ಲೋಳೆಯಂಥ ಒಂದು ಮುದ್ದೆ ಅಲುಗುತ್ತದೆ. ನೀರನ್ನು ಹೀಗೆ ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ, ದಪ್ಪಗೆ ಮಾಡುವುದೇ ಅದರ ಕೆಲಸ. ನೀರು ಸಾಲದಿದ್ದರೆ ಅದೇ ಮುದ್ದೆ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಒಂದು ಟೀ ಚಮಚದಿಂದ ಆರಂಭಿಸಿ, ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿದು, ಮೇಲೊಂದು ಲೋಟ ನೀರು ಕುಡಿಯಿರಿ. ವಾರದಲ್ಲಿ ನಿಧಾನವಾಗಿ ಎರಡು ಮೂರು ಚಮಚಕ್ಕೆ ಏರಿಸಿ. ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬರ ಇರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಫಲ ಒಂದರಿಂದ ಮೂರು ದಿನಕ್ಕೆ ಕಾಣಿಸುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ. ನುಂಗಲು ಕಷ್ಟವಿರುವ ವೃದ್ಧರಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರಿಗೆ ಇದು ಸೂಕ್ತವಲ್ಲ.

ಅಂಥವರಿಗೆ ಮೂರನೆಯ ದಾರಿ ಇದೆ: ಲ್ಯಾಕ್ಟುಲೋಸ್ ಸಿರಪ್, ಅಥವಾ ಪಾಲಿಥಿಲೀನ್ ಗ್ಲೈಕಾಲ್ ಪುಡಿ. ವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು. ಇವು ಕರುಳಿನೊಳಗೆ ನೀರನ್ನು ಉಳಿಸುತ್ತವೆ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು, ಸಿಹಿ ಸಿಹಿ, ಗಾಳಿ ಹೆಚ್ಚು. ಈಗಾಗಲೇ ಕಲ್ಲಿನಂತೆ ಗಟ್ಟಿಯಾಗಿರುವ ಮಲಕ್ಕೆ ಇಸಬ್ಗೋಲ್‌ಗಿಂತ ಇವೇ ಒಳ್ಳೆಯದು. ಮೊದಲು ಇವುಗಳಿಂದ ದಾರಿ ಬಿಡಿಸಿಕೊಂಡು, ಆಮೇಲೆ ಇಸಬ್ಗೋಲ್‌ಗೆ ಹೋಗಬಹುದು.

ನಾಲ್ಕನೆಯದು ಭೇದಿ ಮಾತ್ರೆ ಮತ್ತು ಚೂರ್ಣಗಳು. ಬಿಸಾಕೊಡಿಲ್ ಮಾತ್ರೆ, ಸೋನಾಮುಖಿ ಎಲೆ ಬೆರೆಸಿದ ಬಗೆಬಗೆಯ ಚೂರ್ಣ, ಮನೆಯ ಹರಳೆಣ್ಣೆ ಇವೆಲ್ಲ ಕರುಳನ್ನು ಚುಚ್ಚಿ ಎಬ್ಬಿಸುವ ಜಾತಿಯವು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಫಲ ಸಿಗುತ್ತದೆ, ಹಾಗಾಗಿ ಜನರಿಗೆ ಇಷ್ಟ. ನಾಲ್ಕು ದಿನದ ತುರ್ತಿಗೆ ಅಡ್ಡಿಯಿಲ್ಲ. ಆದರೆ ಹೊಟ್ಟೆ ನುಲಿದು ನೀರಾಗಿ ಹೋದರೆ ಉರಿ ಇನ್ನಷ್ಟು ಹೆಚ್ಚುತ್ತದೆ. ವರ್ಷಾನುಗಟ್ಟಲೆ ಚೂರ್ಣದ ಡಬ್ಬಿಯನ್ನೇ ನಂಬಿದವರು ಒಮ್ಮೆ ಅದರ ಹಿಂದಿನ ಲೇಬಲ್ ಓದಿ ನೋಡಲಿ. ಆಯುರ್ವೇದದ್ದು ಎಂಬ ಕಾರಣಕ್ಕೆ ಅದು ಇಸಬ್ಗೋಲ್‌ನಷ್ಟು ಸೌಮ್ಯ ಎಂದು ತಿಳಿದಿರುತ್ತಾರೆ, ಹಾಗಿಲ್ಲ.

ಬಿಸಿನೀರೋ ಮಂಜುಗಡ್ಡೆಯೋ

ಉರಿ, ನೋವು, ಬಿಗಿತಕ್ಕೆ ಬಿಸಿನೀರು. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಸೊಂಟದ ಕೆಳಭಾಗ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ತುಂಬಿಸಿ 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಬಾರಿ ಕೂರಬೇಕು. ಮಲವಿಸರ್ಜನೆ ಆದ ಮೇಲೆ ಕೂತರೆ ಹೆಚ್ಚು ಆರಾಮ. ಕಮೋಡಿನ ಮೇಲೆ ಇಡುವಂಥ ಸಣ್ಣ ಟಬ್ಬುಗಳೂ ಸಿಗುತ್ತವೆ, ಮಂಡಿನೋವಿನವರಿಗೆ ಅದೇ ಸರಿ. ನೀರಿಗೆ ಉಪ್ಪು, ಡೆಟಾಲ್, ಅರಿಶಿನ ಏನೂ ಬೇಡ. ಡೆಟಾಲ್ ಹಾಕಿಕೊಂಡು ಚರ್ಮ ಸುಟ್ಟುಕೊಂಡವರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿರುವವರು ನೀರಿನ ಬಿಸಿಯನ್ನು ಮನೆಯ ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಇದರಿಂದ ಗಂಟು ಕರಗುವುದಿಲ್ಲ, ಆದರೆ ಫಿಶರ್‌ನ ಬಿಗಿತ ಸಡಿಲಗೊಂಡು ಜೀವಕ್ಕೆ ಹಾಯೆನಿಸುತ್ತದೆ. ಖರ್ಚಂತೂ ಇಲ್ಲ.

ಹೊರಗಿನ ಗಂಟು ಊದಿಕೊಂಡ ಮೊದಲ ದಿನಕ್ಕೆ ಮಂಜುಗಡ್ಡೆ. ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟುಕೊಳ್ಳಿ, ನೇರವಾಗಿ ಚರ್ಮಕ್ಕೆ ತಾಗಿಸಬೇಡಿ.

ಟ್ಯೂಬ್ ಕೊಳ್ಳುವ ಮುನ್ನ ಅದರ ಮೇಲೆ ಬರೆದಿರುವುದನ್ನು ಓದಿ

ಹೆಸರು ಬೇರೆ ಬೇರೆ ಇದ್ದರೂ ಒಳಗಿರುವುದು ಮೂರು ನಾಲ್ಕೇ ಬಗೆ. ಲಿಡೋಕೇನ್, ಇದನ್ನು ಲಿಗ್ನೋಕೇನ್ ಎಂದೂ ಬರೆದಿರುತ್ತಾರೆ, ಮರಗಟ್ಟಿಸುತ್ತದೆ. ನೋವಿಗೆ ಇದು ಸಾಕು. ಹೈಡ್ರೋಕಾರ್ಟಿಸೋನ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತುರಿಕೆ, ಊತಕ್ಕೆ ಬೇಗ ಫಲ ಕೊಡುತ್ತದೆ, ಆದರೆ ಒಂದು ವಾರ ಮೀರಿ ಹಚ್ಚಬಾರದು. ಮೀರಿದರೆ ಅಲ್ಲಿನ ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಸೋಂಕಿಗೂ ದಾರಿಯಾಗುತ್ತದೆ. ಫಿನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅಧಿಕ ರಕ್ತದೊತ್ತಡ ಇರುವವರು ಕೇಳಿಯೇ ಬಳಸಬೇಕು. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಟ್ಯೂಬುಗಳಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ. ಅಂದರೆ ಬರೀ ನೋವಿಗೆಂದು ಹಚ್ಚಿಕೊಳ್ಳುವವರಿಗೂ ಸ್ಟೀರಾಯ್ಡ್ ಸಿಗುತ್ತಿರುತ್ತದೆ. ಖಾಲಿಯಾದ ಟ್ಯೂಬ್ ತಂದು "ಇದೇ ಇನ್ನೊಂದು" ಎಂದು ತಿಂಗಳು ತಿಂಗಳು ಕೇಳುವವರಿಗೆ ನಾನು ಕೊಡುವುದಿಲ್ಲ, ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ಬರೀ ತುರಿಕೆಯಾದರೆ ಮುಲಾಮಿಗಿಂತ ಮೊದಲು ಸೋಪು ಬಿಡಿ. ಬರೀ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳುವಾಗಿ ವ್ಯಾಸಲಿನ್ ಹಚ್ಚಿದರೆ ಬಹಳ ಮಂದಿಗೆ ಅಷ್ಟರಲ್ಲೇ ಇಳಿಯುತ್ತದೆ.

ಮಾತ್ರೆಗಳು

ನೋವಿಗೆ ಪ್ಯಾರಾಸಿಟಮಾಲ್ ಸಾಕು. ರಕ್ತ ಹೋಗುತ್ತಿರುವಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆಗಳು ನೋವನ್ನೇನೋ ತಗ್ಗಿಸುತ್ತವೆ, ಆದರೆ ಮಲವನ್ನು ಕಟ್ಟಿಬಿಡುತ್ತವೆ. ಡಯೋಸ್ಮಿನ್ ಮತ್ತು ಹೆಸ್ಪೆರಿಡಿನ್ ಎಂಬ, ಗಿಡಮೂಲದ ಫ್ಲೇವನಾಯ್ಡ್ ಮಾತ್ರೆಗಳಿಗೆ ರಕ್ತಸ್ರಾವ ಮತ್ತು ತುರಿಕೆ ತಗ್ಗಿಸುವಲ್ಲಿ ಉಪಯೋಗವಿದೆ ಎಂಬುದಕ್ಕೆ ಆಧಾರವಿದೆ. ದುಬಾರಿ, ಮತ್ತು ಇಸಬ್ಗೋಲ್ ಬಿಟ್ಟು ಇದನ್ನೊಂದೇ ನುಂಗಿದರೆ ಫಲ ನಿಲ್ಲುವುದಿಲ್ಲ.

ಅಜ್ಜಿಯ ಮದ್ದುಗಳು

ಹಾಲಿಗೆ ನಿಂಬೆ ಹಿಂಡಿ ಒಡೆಯುವ ಮೊದಲೇ ಕುಡಿಯುವುದು, ಮುಟ್ಟಿದರೆ ಮುನಿ ಸೊಪ್ಪಿನ ರಸ, ಸುವರ್ಣಗಡ್ಡೆಯ ಪಲ್ಯ, ಮಜ್ಜಿಗೆ, ನೆನೆಸಿದ ಕಾಮಕಸ್ತೂರಿ ಬೀಜ. ಪ್ರತಿ ಮನೆಯಲ್ಲೂ ಒಂದು, ಪ್ರತಿಯೊಂದಕ್ಕೂ "ನಮ್ಮ ಮಾವನಿಗೆ ಮೂರೇ ದಿನಕ್ಕೆ ನಿಂತಿತು" ಎಂಬ ಸಾಕ್ಷಿ. ಸಾಕ್ಷಿ ಸುಳ್ಳಲ್ಲ. ಮೂಲವ್ಯಾಧಿಯ ರಕ್ತ ಹೆಚ್ಚಾಗಿ ಕೆಲವು ದಿನ ಹೋಗಿ ತಾನಾಗಿಯೇ ನಿಲ್ಲುತ್ತದೆ, ಮತ್ತೆ ತಿಂಗಳುಗಳ ಮೇಲೆ ಮರುಕಳಿಸುತ್ತದೆ. ನಿಂತ ದಿನ ಯಾವುದನ್ನು ಕುಡಿದಿದ್ದರೋ ಅದಕ್ಕೆ ಹೆಸರು ಬರುತ್ತದೆ. ಇವುಗಳಲ್ಲಿ ಮಜ್ಜಿಗೆ, ಸುವರ್ಣಗಡ್ಡೆ, ಕಾಮಕಸ್ತೂರಿಯನ್ನು ಸಂತೋಷವಾಗಿ ತಿನ್ನಿ, ಕುಡಿಯಿರಿ. ದ್ರವವೂ ನಾರೂ ದೇಹಕ್ಕೆ ಬೇಕಾದದ್ದೇ. ಮಜ್ಜಿಗೆಯನ್ನು ಮೂಲವ್ಯಾಧಿಗೆ ಹೊಗಳಿದ್ದು ಚರಕಸಂಹಿತೆಯಷ್ಟು ಹಳೆಯ ಮಾತು. ನಿಂಬೆ ಹಾಲಿನಿಂದ ಕೆಡುಕಿಲ್ಲ, ರೋಗ ಗುಣವಾಗುತ್ತದೆ ಎಂಬ ನಂಬಿಕೆ ಮಾತ್ರ ಬೇಡ.

ಬೆಳ್ಳುಳ್ಳಿ, ಸುಣ್ಣ, ನಿಂಬೆರಸ, ವಿನೆಗರ್ ಇವನ್ನು ಆ ಜಾಗಕ್ಕೆ ಹಚ್ಚುವುದು ಹಿಂಸೆ. ಲೇಬಲ್ ಇಲ್ಲದ ಪೊಟ್ಟಣದ ಪುಡಿ, ಬಸ್ ನಿಲ್ದಾಣದ ಗೋಡೆಗಳಲ್ಲಿ "ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ" ಎಂದು ಬರೆಸಿದವರ ಇಂಜೆಕ್ಷನ್ ಇವೆರಡರಿಂದ ದೂರವಿರಿ. ತಿಳಿಯದವರು ತಪ್ಪು ಜಾಗಕ್ಕೆ ಚುಚ್ಚಿದ ಇಂಜೆಕ್ಷನ್ನಿಂದ ಗುದನಾಳ ಕೊಳೆತು, ಕುಗ್ಗಿ, ಜೀವನಪರ್ಯಂತ ನರಳುವಂತಾಗುತ್ತದೆ.

ಇನ್ನು ಪಥ್ಯ. ಖಾರದಿಂದ ಮೂಲವ್ಯಾಧಿ ಬರುವುದಿಲ್ಲ. ಫಿಶರ್ ಇದ್ದಾಗ ಮಾತ್ರ ಖಾರ ಉರಿ ಹೆಚ್ಚಿಸುತ್ತದೆ, ಆಗ ಬಿಡಿ. "ಉಷ್ಣ" ಎಂದು ಕಾಳು, ಬದನೆಕಾಯಿ, ಸೊಪ್ಪು ಎಲ್ಲ ಬಿಟ್ಟು ಬರೀ ಮೊಸರನ್ನಕ್ಕೆ ಇಳಿಯುವವರು ನಾರನ್ನೇ ಬಿಟ್ಟಂತಾಗುತ್ತದೆ.

ಶೌಚಾಲಯದಲ್ಲಿ

ಕುಕ್ಕರಗಾಲಲ್ಲಿ ಕೂತಾಗ ಗುದನಾಳ ನೆಟ್ಟಗಾಗುವುದರಿಂದ ತಿಣುಕುವುದು ಕಡಿಮೆ. ಕಮೋಡ್ ಇರುವವರು ಪಾದದ ಕೆಳಗೆ ಗೇಣೆತ್ತರದ ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿದರೆ ಹೆಚ್ಚುಕಡಿಮೆ ಅದೇ ಭಂಗಿ. ಆದರೆ ಯಾವುದರ ಮೇಲೆ ಕೂರುತ್ತೀರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಕೂರುತ್ತೀರಿ ಎನ್ನುವುದು ದೊಡ್ಡದು. 2025ರಲ್ಲಿ ಪ್ರಕಟವಾದ, ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೊಲೊನೋಸ್ಕೋಪಿಗೆ, ಅಂದರೆ ಕೊಳವೆ ಕ್ಯಾಮೆರಾದಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆಗೆ, ಬಂದ 125 ಮಂದಿಯ ಅಧ್ಯಯನದಲ್ಲಿ, ಶೌಚಾಲಯಕ್ಕೆ ಮೊಬೈಲ್ ಒಯ್ಯುವವರಲ್ಲಿ ಮೂಲವ್ಯಾಧಿಯ ಅಪಾಯ ಶೇ 46ರಷ್ಟು ಹೆಚ್ಚು ಕಂಡುಬಂತು. ಸಣ್ಣ ಅಧ್ಯಯನ, ಮೊಬೈಲೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಮೊಬೈಲನ್ನು ಹೊರಗಿಟ್ಟು ಹೋಗಲು ಯಾವ ನಷ್ಟವೂ ಇಲ್ಲ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಮತ್ತೆ ಒತ್ತಡ ಬಂದಾಗ ಹೋಗಿ.

ಬಸುರಿ, ಬಾಣಂತಿಯರಿಗೆ

ಇವರ ಕಷ್ಟ ನೋಡಿದರೆ ನನಗೆ ಹೆಚ್ಚು ಸಂಕಟ. ಬಸುರಿನಲ್ಲಿ ಹೊಟ್ಟೆಯ ಭಾರ, ಹಾರ್ಮೋನುಗಳ ಬದಲಾವಣೆ, ಮೇಲೆ ಕಬ್ಬಿಣದ ಮಾತ್ರೆ, ಮೂರೂ ಸೇರಿ ಮಲ ಕಟ್ಟಿಸುತ್ತವೆ. ಹೆರಿಗೆಯಾದ ಮೇಲೆ ನಮ್ಮ ಬಹಳ ಮನೆಗಳಲ್ಲಿ ಬಾಣಂತಿಗೆ ನೀರು ಅಳತೆಯಲ್ಲಿ ಕೊಡುತ್ತಾರೆ, ಸೊಪ್ಪು ತರಕಾರಿ ಹಣ್ಣು ನಂಜೆಂದೋ ಶೀತವೆಂದೋ ದೂರವಿಡುತ್ತಾರೆ. ಅನ್ನ, ತುಪ್ಪ, ಮೆಣಸಿನ ಸಾರು. ಹೆರಿಗೆಯಲ್ಲಿ ತಿಣುಕಿ ಊದಿಕೊಂಡ ಜಾಗದ ಮೇಲೆ ಈ ಊಟದ ಗಟ್ಟಿ ಮಲ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ಮನೆಯ ಹಿರಿಯರು ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಹೆರಿಗೆ ಮಾಡಿಸಿದ ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿ, ಕೇಳುತ್ತಾರೆ. ಇಸಬ್ಗೋಲ್, ಲ್ಯಾಕ್ಟುಲೋಸ್, ಬಿಸಿನೀರು ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಸುರಕ್ಷಿತ. ಹರಳೆಣ್ಣೆ, ಭೇದಿಯ ಚೂರ್ಣಗಳನ್ನು ಬಸುರಿನಲ್ಲಿ ಮುಟ್ಟಬೇಡಿ. ಕಬ್ಬಿಣದ ಮಾತ್ರೆಯನ್ನು ನಿಲ್ಲಿಸದೆ, ಬೇರೆ ಬಗೆಯದು ಕೊಡಲು ವೈದ್ಯರನ್ನು ಕೇಳಿ. ಆ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ರಕ್ತವೆಂದು ಗಾಬರಿ ಬೇಡ.

ಮನೆಯ ಆರೈಕೆ ಸಾಲದಾದಾಗ

ಮೇಲಿನದೆಲ್ಲ ಮಾಡಿಯೂ ಒಂದು ವಾರದಲ್ಲಿ ರಕ್ತ ನಿಲ್ಲದಿದ್ದರೆ, ಮೇಲಿಂದ ಮೇಲೆ ಮರುಕಳಿಸಿದರೆ, ಗಂಟನ್ನು ಬೆರಳಿನಿಂದ ತಳ್ಳುವ ಹಂತ ಬಂದಿದ್ದರೆ ಜನರಲ್ ಸರ್ಜನ್ ಬಳಿ ಹೋಗಿ. ಹೋದವರೆಲ್ಲರಿಗೂ ಆಪರೇಷನ್ ಆಗುವುದಿಲ್ಲ. ಎರಡನೆಯ ಹಂತಕ್ಕೆ, ಕೆಲವೊಮ್ಮೆ ಮೂರನೆಯದಕ್ಕೂ, ಗಂಟಿನ ಬುಡಕ್ಕೆ ಸಣ್ಣ ರಬ್ಬರ್ ಬಳೆ ಹಾಕಿ ರಕ್ತ ಕಟ್ ಮಾಡುವ ಚಿಕಿತ್ಸೆ ಇದೆ. 1960ರ ದಶಕದಿಂದ ಬಳಕೆಯಲ್ಲಿರುವ ಇದಕ್ಕೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಡ, ಆಸ್ಪತ್ರೆಯಲ್ಲಿ ಉಳಿಯುವುದೂ ಬೇಡ. ನಾಲ್ಕನೆಯ ಹಂತಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಜಾಹೀರಾತಿನಲ್ಲಿ ಲೇಸರ್ ಎಂದು ಕಂಡ ಕೂಡಲೇ ಸಾಲ ಮಾಡಬೇಡಿ. ನೋವು ಕಡಿಮೆ ಇರಬಹುದು, ಮರುಕಳಿಸುವುದಿಲ್ಲ ಎಂಬ ಭರವಸೆ ಅದಕ್ಕೂ ಇಲ್ಲ. ನಿಮ್ಮದು ಯಾವ ಹಂತ, ರಬ್ಬರ್ ಬಳೆಯಿಂದ ಆಗುತ್ತದೆಯೇ, ಆಗದಿದ್ದರೆ ಏಕೆ ಎಂದು ನೇರವಾಗಿ ಕೇಳಿ.

ಪರೀಕ್ಷೆಗೆ ಹೆದರಿ ಬಹಳ ಮಂದಿ ಹೋಗುವುದೇ ಇಲ್ಲ. ಎಡಮಗ್ಗುಲಾಗಿ ಮಂಡಿ ಮಡಿಚಿ ಮಲಗಿಸುತ್ತಾರೆ, ಸೊಂಟದ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಕೈಗವಸಿನ ಬೆರಳಿಗೆ ಜೆಲ್ಲಿ ಹಚ್ಚಿ ನೋಡಿ, ಆಮೇಲೆ ಬೆರಳುದ್ದದ ಕೊಳವೆಯೊಂದರಿಂದ ಒಳಗೆ ನೋಡುತ್ತಾರೆ. ಎಲ್ಲ ಸೇರಿ ಕೆಲವೇ ನಿಮಿಷ. ಫಿಶರ್‌ನ ನೋವು ತೀವ್ರವಾಗಿದ್ದರೆ ಮೊದಲೇ ಹೇಳಿ, ಅಂದು ಕೊಳವೆ ಹಾಕದೆ ಬರೀ ಹೊರಗಿನಿಂದ ನೋಡಿ ಔಷಧ ಬರೆದು ಕಳಿಸುತ್ತಾರೆ. ಹೆಂಗಸರು ಮಹಿಳಾ ವೈದ್ಯರೇ ಬೇಕೆಂದು, ಇಲ್ಲದಿದ್ದರೆ ನರ್ಸ್ ಜೊತೆಗಿರಬೇಕೆಂದು ಕೇಳಬಹುದು, ಅದು ಅವರ ಹಕ್ಕು.